ಪ್ರಾಚೀನ ಚೀನಾದ ಪರಮ ಆಕಾಶದೇವರು: ಹಾಡಿನಲ್ಲಿ ಅವನು ಬಾಯಿ ಬಿಡುವುದು ಯಾವಾಗ?

ಶರಾವತಿ ದಂಡೆ

ಚ್ಯು ಯುವಾನ್ ಕವಿಯ ಹೆಸರಿನಲ್ಲಿ ಬಂದಿರುವ ‘ಒಂಬತ್ತು ಹಾಡುಗಳು’ ಎಂಬ ಚೀನೀ ಪದ್ಯಮಾಲೆಯನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಹೆಸರಿನಲ್ಲಿ ಒಂಬತ್ತಿದ್ದರೂ ಹಾಡುಗಳು 11. ಕ್ರಿ.ಪೂ. ನಾಲ್ಕು-ಮೂರನೆಯ ಶತಮಾನಗಳಲ್ಲಿ ಯಾಂಗ್‌ತ್ಸೆ ನದಿಯ ನಡುಭಾಗದ ಚೂ ರಾಜ್ಯದಲ್ಲಿ ದೇವತೆಗಳನ್ನು ಬರಮಾಡಿಕೊಳ್ಳಲು ಜನ ಹಾಡುತ್ತಿದ್ದ ಹಾಡುಗಳನ್ನು ಕವಿ ತಿದ್ದಿ ಬರೆದನೆಂದು ಹಳೆಯ ವ್ಯಾಖ್ಯಾನಕಾರರು ಹೇಳುತ್ತಾರೆ.

ಮೊದಲ ಹಾಡು ದೊಂಗ್‌ಹ್ವಾಂಗ್ ತೈಯಿ ಎಂಬ ದೇವರದು. ಎಲ್ಲರಿಗಿಂತ ಮೇಲಿನವನು ಅವನೇ. ಆದರೆ ಅವನ ಬಗ್ಗೆ ಹಾಡಿನಲ್ಲಿ ಏನೂ ಇಲ್ಲ! ಒಳ್ಳೆಯ ದಿನ, ಒಳ್ಳೆಯ ಗಳಿಗೆ ಎಂದು ಶುರುವಾಗುತ್ತದೆ. ಪಚ್ಚೆಕಲ್ಲಿನ ಹಿಡಿಯ ಉದ್ದ ಕತ್ತಿಯ ಮೇಲೆ ಕೈ, ಸೊಂಟದಲ್ಲಿ ಕಿಣಿಕಿಣಿ ಎನ್ನುವ ರತ್ನಗಳು, ಹಾರದಂತೆ ಪಚ್ಚೆಯ ಭಾರವಿಟ್ಟ ಚಾಪೆ, ಸುಗಂಧದ ಸೊಪ್ಪಿನಲ್ಲಿ ಬೇಯಿಸಿ ಆರ್ಕಿಡ್ ಹಾಸಿನ ಮೇಲಿಟ್ಟ ಮಾಂಸ, ದಾಲ್ಚಿನ್ನಿಯ ಮದ್ಯ, ಖಾರದ ಕಾಯಿಯ ಪಾನಕ. ಮೇಲೆದ್ದ ಡೋಲಿನ ಕೋಲು, ನಿಧಾನದ ಹಾಡು, ಬಳಿಕ ಕೊಳವೆವಾದ್ಯ ಮತ್ತು ತಂತಿವಾದ್ಯಗಳ ತುಂಬು ದನಿ. ಕೊನೆಯ ಸಾಲಿನಲ್ಲಿ ಮಾತ್ರ ದೇವರ ಸುದ್ದಿ: ಪ್ರಭು ಸಂತೋಷವಾಗಿದ್ದಾನೆ. ಇಷ್ಟೇ.

ಉಳಿದ ಹಾಡುಗಳು ಹೀಗಿಲ್ಲ. ಬೆಟ್ಟದ ದೇವತೆ ಕೆಂಪು ಚಿರತೆಯ ಮೇಲೆ ಬಳ್ಳಿಯ ಉಡುಗೆಯಲ್ಲಿ ಬರುತ್ತಾಳೆ, ನಗುತ್ತಾಳೆ, ಕಾಯುತ್ತಾಳೆ. ಸೂರ್ಯದೇವ ಬಿಲ್ಲು ಹಿಡಿದು ತೋಳ ನಕ್ಷತ್ರಕ್ಕೆ ಬಾಣ ಬಿಡುತ್ತಾನೆ. ಎಲ್ಲರಿಗೂ ಮೈ ಇದೆ, ಮನಸ್ಸಿದೆ. ಎಲ್ಲರ ಒಡೆಯನಿಗೆ ಮುಖವೂ ಇಲ್ಲ, ಮಾತೂ ಇಲ್ಲ.

ಈತ ಯಾರು? ಚೀನಾದ ಹಳೆಯ ಗ್ರಂಥಗಳಲ್ಲಿ ಬರುವ ಶಾಂಗ್‌ದಿ ಇವನೇ ಆಗಿದ್ದಾನೆಯೇ? ಕಾವ್ಯದಲ್ಲಿ ಈ ದೇವರು ಎಲ್ಲಾದರೂ ಬಾಯಿ ಬಿಡುತ್ತಾನೆಯೇ? ತಿಳಿದವರು ಬರೆಯಬೇಕು.

ಮೂಳೆಲಿಪಿ

ಒಳ್ಳೆಯ ಪ್ರಶ್ನೆ. ಹಾಡುಗಳಿಗೆ ಬರುವ ಮೊದಲು ಮೂಳೆಗಳ ಹತ್ತಿರ ಹೋಗಬೇಕು. ಈ ದೇವರ ಅತಿ ಹಳೆಯ ಲಿಖಿತ ದಾಖಲೆ ಇರುವುದು ಅಲ್ಲಿ.

ಹೆನಾನ್ ಪ್ರಾಂತದ ಆನ್‌ಯಾಂಗ್ ಬಳಿ ಶಾಂಗ್ ವಂಶದ ಕೊನೆಯ ರಾಜಧಾನಿ ಇತ್ತು. ಅಲ್ಲಿನ ಅರಸರು ಎತ್ತಿನ ಭುಜದ ಮೂಳೆ ಮತ್ತು ಆಮೆಯ ಹೊಟ್ಟೆಯ ಚಿಪ್ಪಿನ ಹಿಂಬದಿಯಲ್ಲಿ ಸಣ್ಣ ಗುಳಿ ಕೊರೆದು, ಕಾದ ಕೊಳ್ಳಿಯನ್ನು ಒತ್ತಿ, ಮುಂಬದಿಯಲ್ಲಿ ಎದ್ದ ಬಿರುಕನ್ನು ನೋಡಿ ಶಕುನ ಹೇಳುತ್ತಿದ್ದರು. ಕೇಳಿದ ಪ್ರಶ್ನೆಯನ್ನು ಅದೇ ಮೂಳೆಯ ಮೇಲೆ ಕೊರೆದಿಡುತ್ತಿದ್ದರು. ಔಷಧಿ ಅಂಗಡಿಗಳಲ್ಲಿ ‘ಡ್ರ್ಯಾಗನ್ ಮೂಳೆ’ ಎಂದು ಅರೆದು ಮಾರುತ್ತಿದ್ದ ಈ ಚೂರುಗಳ ಮೇಲಿರುವುದು ಪ್ರಾಚೀನ ಲಿಪಿ ಎಂದು ವಿದ್ವಾಂಸರು ಗುರುತಿಸಿದ್ದು 1899ರಲ್ಲಿ. ಶಾಸ್ತ್ರೀಯ ಉತ್ಖನನ ಆರಂಭವಾದದ್ದು 1928ರಲ್ಲಿ. ಈವರೆಗೆ ಸಿಕ್ಕಿರುವ ಚೂರುಗಳು ಸುಮಾರು 1,50,000. ಇವುಗಳಲ್ಲಿ ಹಳೆಯವು ಕ್ರಿ.ಪೂ. 1250ರ ಸುಮಾರಿನ ವೂ ದಿಂಗ್ ಅರಸನ ಕಾಲದವು.

ಅಲ್ಲಿ ದೇವರ ಹೆಸರು ‘ದಿ’. ಮೇಲಿನ ದಿ ಎಂಬ ಅರ್ಥದಲ್ಲಿ ಶಾಂಗ್‌ದಿ ಎಂದೂ ಬರುತ್ತದೆ. (ಶಾಂಗ್ ವಂಶದ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಅಕ್ಷರವೇ ಬೇರೆ.) ದಿ ಮಳೆಗೆ ಅಪ್ಪಣೆ ಕೊಡುತ್ತಾನೆಯೇ? ದಿ ಈ ಊರಿಗೆ ಕೇಡು ತರುತ್ತಾನೆಯೇ? ನಾವು ದಂಡೆತ್ತಿ ಹೋದರೆ ದಿ ನಮಗೆ ನೆರವಾಗುತ್ತಾನೆಯೇ? ಚಿಪ್ಪಿನ ಬಲಕ್ಕೆ ‘ಕೊಡುತ್ತಾನೆ’, ಎಡಕ್ಕೆ ‘ಕೊಡುವುದಿಲ್ಲ’ ಎಂದು ಜೋಡಿಯಾಗಿ ಬರೆದು ಬಿರುಕು ನೋಡುವುದು ಸಾಮಾನ್ಯ ಪದ್ಧತಿ.

ನಿಮ್ಮ ಹಾಡಿನ ಮಟ್ಟಿಗೆ ಮುಖ್ಯವಾದ ಸಂಗತಿ ಇದು. ಅರಸರು ತಮ್ಮ ಪಿತೃಗಳಿಗೆ, ನದಿಗೆ, ಬೆಟ್ಟಕ್ಕೆ ಎತ್ತು ಕುರಿಗಳನ್ನು, ಸೆರೆಸಿಕ್ಕ ಮನುಷ್ಯರನ್ನೂ ಬಲಿ ಕೊಟ್ಟರು. ದಿಗೆ ನೇರವಾಗಿ ಬಲಿ ಕೊಟ್ಟ ಖಚಿತ ದಾಖಲೆ ಸಿಗುವುದಿಲ್ಲ ಎಂದು ಚೆನ್ ಮೆಂಗ್‌ಜಿಯಾ, ಡೇವಿಡ್ ಕೀಟ್ಲಿ ಅವರಂತಹ ವಿದ್ವಾಂಸರು ತೋರಿಸಿದರು. ಅವನನ್ನು ಮುಟ್ಟಲು ಏಣಿ ಬೇಕಿತ್ತು. ಒಂದು ಚಿಪ್ಪಿನ ಮೇಲೆ, ವಂಶದ ಮೂಲಪುರುಷರಲ್ಲಿ ಯಾರು ದಿಯ ಬಳಿ ಅತಿಥಿಯಾಗಿ ಇದ್ದಾರೆ, ಯಾರು ಅವರ ಬಳಿ ಅತಿಥಿಯಾಗಿದ್ದಾರೆ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ್ದಾರೆ. ತಂದೆ ಅಜ್ಜನಿಗೆ, ಅಜ್ಜ ಮುತ್ತಜ್ಜನಿಗೆ, ಮುತ್ತಜ್ಜ ದಿಗೆ ಹೇಳಬೇಕು. ಬಲಿಯಿಂದ ಒಲಿಸಿಕೊಳ್ಳಲಾಗದ ದೇವರು ಇವನು.

ಹೊಸ ಓದುಗ, ಕಾರ್ಕಳ

ಮೂಳೆಲಿಪಿ ಅವರೇ, ಮಳೆ, ಸಿಡಿಲು, ಯುದ್ಧದ ಗೆಲುವು ಎಲ್ಲವೂ ಇವನ ಕೈಯಲ್ಲಿದ್ದರೆ ನಮ್ಮ ಇಂದ್ರನ ಹಾಗೆಯೇ ಅಲ್ಲವೇ?

ಮೂಳೆಲಿಪಿ

ಇಲ್ಲ ಎನ್ನುತ್ತೇನೆ. ಇಂದ್ರ ತಾನೇ ವಜ್ರ ಹಿಡಿದು ವೃತ್ರನನ್ನು ಕೊಲ್ಲುತ್ತಾನೆ, ಸೋಮ ಕುಡಿಯುತ್ತಾನೆ, ಅವನಿಗೆ ಕಥೆಗಳಿವೆ. ದಿಗೆ ಮೂಳೆಗಳಲ್ಲಿ ಒಂದೇ ಒಂದು ಕಥೆಯೂ ಇಲ್ಲ. ಹೆಂಡತಿ ಇಲ್ಲ, ಶತ್ರು ಇಲ್ಲ, ಆಯುಧ ಇಲ್ಲ. ಅವನು ಕೆಲಸ ಮಾಡುವವನಲ್ಲ, ಮಾಡಿಸುವವನು. ಗಾಳಿ ಅವನ ದೂತ. ಅವನಿಗೆ ಐವರು ಮಂತ್ರಿಗಳಿದ್ದಾರೆ. ಹೋಲಿಸಲೇಬೇಕೆಂದರೆ ಋಗ್ವೇದದ ವರುಣ ಸ್ವಲ್ಪ ಹತ್ತಿರ. ಆದರೆ ವರುಣನನ್ನು ನೇರವಾಗಿ ಸ್ತುತಿಸಿ ಕ್ಷಮೆ ಬೇಡುತ್ತಾರೆ. ಶಾಂಗ್ ಅರಸರು ದಿಯೊಂದಿಗೆ ಹಾಗೆ ಮಾತನಾಡಿದ್ದು ಕಾಣುವುದಿಲ್ಲ.

ನಿವೃತ್ತ ಅಧ್ಯಾಪಕಿ, ಧಾರವಾಡ

ಮೂಳೆಗಳ ಕಾಲ ಮುಗಿದು ಹಾಡುಗಳ ಕಾಲ ಬಂದಾಗ ಆದ ಬದಲಾವಣೆಯನ್ನು ನಾನು ಬರೆಯುತ್ತೇನೆ.

ಕ್ರಿ.ಪೂ. 1046ರ ಸುಮಾರಿಗೆ ಪಶ್ಚಿಮದ ಝೌ ಜನ ಶಾಂಗ್ ಅರಸನನ್ನು ಸೋಲಿಸಿದರು. ಗೆದ್ದವರು ತಮ್ಮ ದೇವರನ್ನು ತಿಯೆನ್, ಅಂದರೆ ಆಕಾಶ ಎಂದು ಕರೆದರು. ಸೋತವರ ಶಾಂಗ್‌ದಿಯನ್ನೂ ಬಿಡಲಿಲ್ಲ, ಎರಡೂ ಹೆಸರನ್ನು ಒಬ್ಬನಿಗೇ ಇಟ್ಟರು. ಆಮೇಲೆ ಒಂದು ದೊಡ್ಡ ಮಾತು ಹೇಳಿದರು: ನಿಮ್ಮನ್ನು ಬಿಟ್ಟು ನಮ್ಮನ್ನು ಆರಿಸಿಕೊಂಡವನು ಅವನೇ. ‘ಆಕಾಶದ ಆಜ್ಞೆ’ ಎಂಬ ರಾಜನೀತಿಯ ಸಿದ್ಧಾಂತ ಹುಟ್ಟಿದ್ದು ಹೀಗೆ.

‘ಶೀಜಿಂಗ್’ ಎಂಬ 305 ಪದ್ಯಗಳ ಸಂಕಲನದಲ್ಲಿ ಇದನ್ನು ಹಾಡಾಗಿ ಕೇಳಬಹುದು. ಝೌ ವಂಶದ ವೆನ್ ಅರಸನ ಸ್ತುತಿ ನೋಡಿ. ತೀರಿಹೋದ ವೆನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತಾ ದಿಯ ಎಡಬಲದಲ್ಲಿ ಇದ್ದಾನೆ. ಶಾಂಗ್ ವಂಶದವರ ಸಂಖ್ಯೆ ಎಣಿಕೆ ಮೀರಿದ್ದು, ಆದರೂ ದಿ ಆಜ್ಞೆ ಮಾಡಿದ ಮೇಲೆ ಅವರು ಝೌಗೆ ತಲೆಬಾಗಿದರು. ಮುಂದಿನ ಚಿತ್ರ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಝೌ ರಾಜಧಾನಿಯ ಪೂಜೆಯಲ್ಲಿ ನೆಲಕ್ಕೆ ಮದ್ಯದ ತರ್ಪಣ ಬಿಡುತ್ತಿರುವವರು ಸೋತ ಶಾಂಗ್ ಕುಲೀನರು. ಅವರ ತಲೆಯ ಮೇಲೆ ಇನ್ನೂ ತಮ್ಮ ಹಳೆಯ ವಂಶದ ಟೋಪಿ ಇದೆ, ಉಡುಪಿನ ಮೇಲೆ ಹಳೆಯ ಕೊಡಲಿಯ ಚಿತ್ತಾರವಿದೆ. ಆ ಪದ್ಯದಲ್ಲೇ ಬರುವ ಎಚ್ಚರಿಕೆ: ಆಕಾಶದ ಆಜ್ಞೆ ಶಾಶ್ವತವಲ್ಲ. ನೆರೆಯ ಇನ್ನೊಂದು ಪದ್ಯ, ಆಕಾಶವನ್ನು ನಂಬುವುದು ಕಷ್ಟ ಎಂದೇ ಹೇಳಿಬಿಡುತ್ತದೆ. ಗೆದ್ದವರ ಹಾಡಿನಲ್ಲೇ ಈ ಭಯ ಕುಳಿತಿದೆ.

ಇನ್ನು ‘ಬಾಯಿ ಬಿಡುತ್ತಾನೆಯೇ’ ಎಂಬ ಪ್ರಶ್ನೆ. ಹೌದು, ಬಿಡುತ್ತಾನೆ. ‘ಹ್ವಾಂಗ್ ಯಿ’ ಎಂಬ ಪದ್ಯದಲ್ಲಿ ಶಾಂಗ್‌ದಿ ಕೆಳಗೆ ನೋಡುತ್ತಾನೆ, ನಾಲ್ಕು ದಿಕ್ಕು ಪರಿಶೀಲಿಸುತ್ತಾನೆ, ಪಶ್ಚಿಮಕ್ಕೆ ಮುಖ ತಿರುಗಿಸುತ್ತಾನೆ. ಬಳಿಕ ‘ದಿ ವೆನ್ ಅರಸನಿಗೆ ಹೇಳಿದನು’ ಎಂದು ಮೂರು ಸಲ ಬರುತ್ತದೆ. ಒಮ್ಮೆ ಅವನ ಗುಣವನ್ನು ಮೆಚ್ಚುತ್ತಾನೆ: ದೊಡ್ಡ ದನಿಯಿಲ್ಲ, ಆಡಂಬರವಿಲ್ಲ. ಕೊನೆಯ ಸಲ ಹೇಳುವುದು ಹೀಗೆ: ಮಿತ್ರರಾಜ್ಯಗಳನ್ನು ಕೇಳು, ಸೋದರರನ್ನು ಕೂಡಿಸಿಕೋ, ಕೊಕ್ಕೆಯ ಏಣಿ ತೆಗೆದುಕೋ, ಕೋಟೆಗೆ ಗುದ್ದುವ ರಥ ತೆಗೆದುಕೋ, ಚೊಂಗ್ ನಗರದ ಗೋಡೆ ಒಡೆ. ಮುಂದಿನ ನುಡಿಯಲ್ಲಿ ಗೋಡೆ ಬೀಳುತ್ತದೆ, ಸೆರೆಯಾಳುಗಳ ಸಾಲು ಬರುತ್ತದೆ, ಸತ್ತವರ ಎಡಗಿವಿ ಕತ್ತರಿಸಿ ಒಪ್ಪಿಸುತ್ತಾರೆ.

ಶರಾವತಿ ದಂಡೆ

ಮೇಡಂ, ಆ ಟೋಪಿಯ ಚಿತ್ರಕ್ಕೆ ಧನ್ಯವಾದ. ಓದಿ ಬಹಳ ಹೊತ್ತು ಅದರಲ್ಲೇ ಇದ್ದೆ.

ಹಾಗಾದರೆ ನನಗೆ ಹೀಗೆ ಕಾಣುತ್ತದೆ: ಗೆದ್ದವರು ಕಟ್ಟಿದ ಹಾಡಿನಲ್ಲಿ ಈ ದೇವರು ಸ್ಪಷ್ಟವಾಗಿ, ಏಣಿ ರಥಗಳ ಹೆಸರು ಹಿಡಿದು ಮಾತನಾಡುತ್ತಾನೆ. ನೊಂದವರ ಹಾಡುಗಳಲ್ಲೂ ಹೀಗೆ ಮಾತನಾಡಿದ್ದಾನೆಯೇ? ಇಲ್ಲದಿದ್ದರೆ ಅದು ಆಕಸ್ಮಿಕ ಎಂದು ನಾನು ಒಪ್ಪುವುದಿಲ್ಲ.

ನವಣೆ ಬೆಳೆಗಾರ, ಹಿರಿಯೂರು

ಚರ್ಚೆಯನ್ನು ಮೊದಲಿನಿಂದ ಓದಿದೆ. ಯುದ್ಧದ ಹಾಡು ಬಿಟ್ಟು ಹೊಲದ ಹಾಡಿಗೆ ಬನ್ನಿ. ಅದೇ ಸಂಕಲನದ ‘ಷೆಂಗ್ ಮಿನ್’ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ.

ಮಕ್ಕಳಿಲ್ಲದ ಜಿಯಾಂಗ್ ಯುವಾನ್ ಪೂಜೆ ಸಲ್ಲಿಸಿ, ದಿಯ ಹೆಜ್ಜೆಗುರುತಿನ ಹೆಬ್ಬೆರಳ ಮೇಲೆ ಕಾಲಿಡುತ್ತಾಳೆ. ಮೈ ನಡುಗುತ್ತದೆ, ಬಸುರಾಗುತ್ತಾಳೆ. ಇಡೀ ಪದ್ಯದಲ್ಲಿ ದಿಯ ದೇಹದ ಗುರುತು ಇದೊಂದೇ: ನೆಲದ ಮೇಲೊಂದು ಹೆಬ್ಬೆರಳು. ಮಗು ಕುರಿಮರಿ ಹುಟ್ಟಿದಷ್ಟು ಸಲೀಸಾಗಿ ಹುಟ್ಟುತ್ತದೆ. ಅದನ್ನು ಓಣಿಯಲ್ಲಿ ಬಿಡುತ್ತಾರೆ, ದನ ಕುರಿಗಳು ಕಾಯುತ್ತವೆ. ಕಾಡಿನಲ್ಲಿ ಬಿಡಲು ಹೋದರೆ ಮರ ಕಡಿಯುವವರು ಬರುತ್ತಾರೆ. ಮಂಜುಗಡ್ಡೆಯ ಮೇಲೆ ಬಿಟ್ಟರೆ ಹಕ್ಕಿ ರೆಕ್ಕೆ ಹೊದಿಸುತ್ತದೆ. ಹಕ್ಕಿ ಹಾರಿಹೋದಾಗ ಮಗು ದಾರಿ ತುಂಬ ಕೇಳುವಷ್ಟು ಜೋರಾಗಿ ಅಳುತ್ತದೆ.

ಆ ಮಗುವೇ ಹೌ ಜೀ, ಧಾನ್ಯಗಳ ಒಡೆಯ. ದೊಡ್ಡವನಾಗಿ ಅವರೆ ಜಾತಿಯ ಕಾಳು, ಸೆಣಬು, ಗೋಧಿ, ಸೋರೆ ಎಲ್ಲ ಬೆಳೆಯುತ್ತಾನೆ. ಆಕಾಶ ಅವನಿಗೆ ಕೊಡುವ ಬೀಜಗಳು ಕಪ್ಪು ಬರಗು, ಒಂದೇ ಸಿಪ್ಪೆಯಲ್ಲಿ ಎರಡು ಕಾಳಿನ ಬರಗು, ಕೆಂಪು ಮೊಳಕೆಯದು, ಬಿಳಿ ಮೊಳಕೆಯದು. ಕೊನೆಯ ಎರಡನ್ನು ನವಣೆ ಎನ್ನುತ್ತಾರೆ ಹಳೆಯ ವ್ಯಾಖ್ಯಾನಕಾರರು. ನವಣೆ, ಬರಗು ಎರಡೂ ಉತ್ತರ ಚೀನಾದಲ್ಲಿ ಪಳಗಿದ ಬೆಳೆಗಳು. ಅಲ್ಲಿಂದ ಹರಡಿ ನಮ್ಮ ಹೊಲಕ್ಕೂ ಬಂದವು. ನನ್ನ ಹೊಲದ ಕಾಳಿನ ಹೆಸರು ಈ ಪದ್ಯದಲ್ಲಿ ಸಿಕ್ಕಾಗ ಆದ ಸಂತೋಷ ದೊಡ್ಡದು.

ಆಮೇಲೆ ಪೂಜೆಯ ಅಡುಗೆ. ಕುಟ್ಟುವವರು, ಕೇರುವವರು, ತೊಳೆಯುವಾಗ ಸೌ ಸೌ ಎಂಬ ಸದ್ದು, ಬೇಯುವಾಗ ಫೂ ಫೂ ಎಂದು ಏಳುವ ಹಬೆ. ಆ ಪರಿಮಳ ಮೇಲೇರುತ್ತದೆ, ಶಾಂಗ್‌ದಿ ನೆಮ್ಮದಿಯಾಗಿ ಅದನ್ನು ಸವಿಯುತ್ತಾನೆ. ಇಲ್ಲಿ ಗೆಲುವಿಲ್ಲ, ಸೋಲಿಲ್ಲ. ಅವನು ಮಾತನಾಡುವುದೂ ಇಲ್ಲ, ಆದರೆ ದೂರವಿದ್ದಾನೆ ಎಂದು ಅನಿಸುವುದೂ ಇಲ್ಲ. ಗೆದ್ದವರು, ನೊಂದವರು ಎಂಬ ಎರಡೇ ಪಾಲು ಮಾಡಬೇಡಿ.

ಮೂಳೆಲಿಪಿ

ನೀವು ಹೇಳಿದ್ದರಲ್ಲಿ ಇನ್ನೊಂದು ಸಂಗತಿ ಅಡಗಿದೆ. ಮೂಳೆಗಳ ಕಾಲದಲ್ಲಿ ದಿಗೆ ಬಲಿ ಮುಟ್ಟುತ್ತಿರಲಿಲ್ಲ. ಈ ಹಾಡಿನಲ್ಲಿ ಅಡುಗೆಯ ಪರಿಮಳ ನೇರವಾಗಿ ಅವನಿಗೆ ಹೋಗುತ್ತದೆ, ಏಕೆಂದರೆ ಝೌ ವಂಶದ ಮೂಲಪುರುಷ ಅವನ ಹೆಜ್ಜೆಯಿಂದಲೇ ಹುಟ್ಟಿದವನು. ಅರಸ ‘ಆಕಾಶಪುತ್ರ’ನಾದ. ದೇವರು ಹತ್ತಿರ ಬಂದದ್ದು ಎಲ್ಲರಿಗೂ ಅಲ್ಲ, ಒಂದು ಮನೆತನಕ್ಕೆ. ಹಾಗಾಗಿ ಇದೂ ಗೆದ್ದವರ ಹಾಡೇ.

ನವಣೆ ಬೆಳೆಗಾರ, ಹಿರಿಯೂರು

ಮನೆತನ ಹಾಡಿಸಿದ್ದಿರಬಹುದು. ಆದರೆ ಕಾಳು ತೊಳೆಯುವ ಸದ್ದು ಅರಮನೆಯಲ್ಲಿ ಹುಟ್ಟಿದ್ದಲ್ಲ. ಆ ಸಾಲು ಕಟ್ಟಿದವರು ಮೊರ ಹಿಡಿದವರನ್ನು ಹತ್ತಿರದಿಂದ ನೋಡಿದವರು.

ಇರುಳುಗಣ್ಣು

ನಾನು ಹವ್ಯಾಸಿ ಆಕಾಶ ವೀಕ್ಷಕ. ತೈಯಿ ಯಾರು ಎಂಬ ಮೊದಲ ಪ್ರಶ್ನೆಗೆ ಆಕಾಶದಿಂದ ಉತ್ತರ ಕೊಡುತ್ತೇನೆ.

ಹಾನ್ ವಂಶದ ಚರಿತ್ರೆಕಾರ ಸೀಮಾ ಚಿಯೆನ್ ಕ್ರಿ.ಪೂ. ಸುಮಾರು 100ರಲ್ಲಿ ನಕ್ಷತ್ರಗಳ ಬಗ್ಗೆ ಒಂದು ಇಡೀ ಅಧ್ಯಾಯ ಬರೆದಿದ್ದಾನೆ. ಉತ್ತರ ಧ್ರುವದ ಬಳಿಯ ಒಂದು ಹೊಳೆಯುವ ನಕ್ಷತ್ರ ತೈಯಿಯ ನಿತ್ಯವಾಸ ಎನ್ನುತ್ತಾನೆ. ನಮ್ಮ ಸಪ್ತರ್ಷಿ ಮಂಡಲ ಅವನಿಗೆ ದಿಯ ರಥ: ಆಕಾಶದ ನಡುವೆ ಸುತ್ತುತ್ತಾ ನಾಲ್ಕೂ ದಿಕ್ಕನ್ನು ಆಳುತ್ತದೆ.

ಈಗಿನ ಧ್ರುವ ನಕ್ಷತ್ರ ಆ ಕಾಲದಲ್ಲಿ ಧ್ರುವದಲ್ಲಿ ಇರಲಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಮೂರು ಸಾವಿರ ವರ್ಷಗಳ ಹಿಂದೆ ಧ್ರುವಕ್ಕೆ ಹತ್ತಿರವಿದ್ದ ಹೊಳಪಿನ ನಕ್ಷತ್ರ ಲಘು ಸಪ್ತರ್ಷಿಯ ಕೊಚಾಬ್. ಸೀಮಾ ಚಿಯೆನ್ ಹೇಳುವುದು ಅದನ್ನೇ ಎಂಬುದು ಸಾಮಾನ್ಯ ಅಭಿಪ್ರಾಯ. ಅದೂ ಸರಿಯಾಗಿ ಧ್ರುವದಲ್ಲಿ ಇರಲಿಲ್ಲ, ಪಕ್ಕದಲ್ಲಿತ್ತು. ಧ್ರುವಬಿಂದುವಿನಲ್ಲಿ ಕಣ್ಣಿಗೆ ಕಾಣುವ ನಕ್ಷತ್ರವೇ ಇರಲಿಲ್ಲ. ಎಲ್ಲವೂ ಖಾಲಿ ಜಾಗವೊಂದನ್ನು ಸುತ್ತುತ್ತಿದ್ದವು. ಶರಾವತಿ ದಂಡೆ ಅವರು ಹೇಳಿದ ಮುಖವಿಲ್ಲದ ಒಡೆಯನಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಹಾಡು ಹೀಗಿರುವುದಕ್ಕೆ ಇದೇ ಕಾರಣ ಎಂದು ಸಾಧಿಸಲು ಬರುವುದಿಲ್ಲ, ಆದರೂ ಆ ಉತ್ತರದ ಆಕಾಶವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಡನ್ನು ಓದಿ.

ಸಪ್ತರ್ಷಿಯ ಬಗ್ಗೆ ಇನ್ನೆರಡು ಸಾಲು. ‘ಒಂಬತ್ತು ಹಾಡುಗಳ’ ಸೂರ್ಯದೇವ ಅದನ್ನೇ ಸೌಟು ಮಾಡಿಕೊಂಡು ದಾಲ್ಚಿನ್ನಿಯ ಮದ್ಯ ಮೊಗೆಯುತ್ತಾನೆ. ಶೀಜಿಂಗ್‌ನ ‘ದಾ ದೊಂಗ್’ ಪದ್ಯದಲ್ಲಿ ಝೌ ಅಧಿಕಾರಿಗಳ ಸುಲಿಗೆಗೆ ಸಿಕ್ಕ ಪೂರ್ವದ ಜನ ಅದೇ ಆಕಾಶ ನೋಡಿ ಹೇಳುತ್ತಾರೆ: ನೇಕಾರಳ ನಕ್ಷತ್ರವಿದೆ, ಬಟ್ಟೆ ನೇಯುವುದಿಲ್ಲ. ಎತ್ತಿನ ನಕ್ಷತ್ರವಿದೆ, ಗಾಡಿ ಎಳೆಯುವುದಿಲ್ಲ. ದಕ್ಷಿಣದಲ್ಲಿ ಮೊರವಿದೆ, ಹೊಟ್ಟು ತೂರುವುದಿಲ್ಲ. ಉತ್ತರದಲ್ಲಿ ಸೌಟಿದೆ, ಮದ್ಯ ಮೊಗೆಯುವುದಿಲ್ಲ.

ಶರಾವತಿ ದಂಡೆ

ಇದನ್ನೇ ಹುಡುಕುತ್ತಿದ್ದೆ, ಇರುಳುಗಣ್ಣು ಅವರೇ. ಒಂದೇ ಏಳು ನಕ್ಷತ್ರಗಳು ಅರಮನೆಗೆ ರಥ, ದೇವರಿಗೆ ಸೌಟು, ತೆರಿಗೆ ಕಟ್ಟಿ ಸೋತವರಿಗೆ ಕೆಲಸಕ್ಕೆ ಬಾರದ ಪಾತ್ರೆ.

ಹೊಸ ಓದುಗ, ಕಾರ್ಕಳ

ಅಂದರೆ ತೈಯಿ, ಶಾಂಗ್‌ದಿ ಇಬ್ಬರೂ ಒಂದೇ ಎಂದಾಯಿತೇ?

ಮೂಳೆಲಿಪಿ

ಅಷ್ಟು ಬೇಗ ಹೇಳಲಾಗದು. ಶಾಂಗ್‌ದಿ ಉತ್ತರದ, ಹಳದಿ ನದಿಯ ರಾಜಮನೆತನಗಳ ದೇವರು. ತೈಯಿ ದಕ್ಷಿಣದ ಚೂ ನಾಡಿನಲ್ಲಿ ನಮಗೆ ಕಾಣುತ್ತಾನೆ. ಹುಬೈ ಪ್ರಾಂತದ ಬಾವೊಶಾನ್‌ನಲ್ಲಿ ಅಗೆದ ಒಂದು ಸಮಾಧಿ ಕ್ರಿ.ಪೂ. 316ರಲ್ಲಿ ತೀರಿಕೊಂಡ ಚೂ ಅಧಿಕಾರಿಯದು. ಅವನ ಕಾಯಿಲೆಗಾಗಿ ಶಕುನ ಕೇಳಿದ ಬಿದಿರುಪಟ್ಟಿಗಳಲ್ಲಿ ಬಲಿ ಕೊಡಬೇಕಾದ ದೇವತೆಗಳ ಪಟ್ಟಿ ಇದೆ. ಮೊದಲ ಸ್ಥಾನದ ದೇವತೆಯನ್ನು ತೈಯಿ ಎಂದು ಹಲವು ವಿದ್ವಾಂಸರು ಓದುತ್ತಾರೆ. ಅದೇ ಪ್ರಾಂತದ ಗುವೊದಿಯೆನ್‌ನಲ್ಲಿ 1993ರಲ್ಲಿ ಸಿಕ್ಕ ಪಟ್ಟಿಗಳಲ್ಲಿ, ತೈಯಿ ನೀರನ್ನು ಹೆತ್ತನು, ನೀರು ಮರಳಿ ತೈಯಿಗೆ ನೆರವಾಗಿ ಆಕಾಶವಾಯಿತು ಎಂಬ ಸೃಷ್ಟಿಯ ವಿವರವಿದೆ. ಅಲ್ಲಿ ಅವನು ದೇವರೋ ತತ್ತ್ವವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಇವರನ್ನು ಒಂದೇ ವ್ಯವಸ್ಥೆಗೆ ತಂದದ್ದು ಹಾನ್ ವಂಶದ ವೂ ಚಕ್ರವರ್ತಿಯ ಕಾಲ. ತೈಯಿಯೇ ಅತಿ ದೊಡ್ಡ ದೇವರು, ಐದು ದಿಗಳು (ಐದು ದಿಕ್ಕುಗಳ ದೇವರುಗಳು) ಅವನ ಸಹಾಯಕರು ಎಂದು ಒಬ್ಬ ಪಂಡಿತ ಅರಿಕೆ ಮಾಡಿದ. ಕ್ರಿ.ಪೂ. 113ರ ಚಳಿಗಾಲದ ಅಯನದಂದು ಗಾನ್‌ಚ್ವಾನ್ ಅರಮನೆಯಲ್ಲಿ ಚಕ್ರವರ್ತಿಯೇ ತೈಯಿಗೆ ಪೂಜೆ ಸಲ್ಲಿಸಿದ. ಬಣ್ಣಬಣ್ಣದ ಐದು ದಿಗಳು ಅವನ ಸುತ್ತ ಕೆಳಗಿನ ಮಟ್ಟದಲ್ಲಿ. ಆ ಕಾಲದ 19 ರಾಜಪೂಜೆಯ ಹಾಡುಗಳು ‘ಹಾನ್ ಗ್ರಂಥ’ದಲ್ಲಿ ಉಳಿದಿವೆ.

ನಿವೃತ್ತ ಅಧ್ಯಾಪಕಿ, ಧಾರವಾಡ

ನೊಂದವರ ಹಾಡಿನಲ್ಲಿ ದೇವರು ಮಾತನಾಡಿದ್ದಾನೆಯೇ ಎಂಬುದಕ್ಕೆ ಬರುತ್ತೇನೆ. ಕ್ರಿ.ಪೂ. ಒಂಬತ್ತನೆಯ ಶತಮಾನದ ಹೊತ್ತಿಗೆ ಝೌ ಆಳ್ವಿಕೆ ಕೆಟ್ಟಿತ್ತು. ಲೀ ಎಂಬ ಅರಸನ ವಿರುದ್ಧ ಜನ ದಂಗೆಯೆದ್ದರು, ಕ್ರಿ.ಪೂ. 841ರ ಸುಮಾರಿಗೆ ಅವನು ರಾಜಧಾನಿ ಬಿಟ್ಟು ಓಡಿದ. ಈ ಕೆಟ್ಟ ಕಾಲದ ಪದ್ಯಗಳು ಆಕಾಶವನ್ನು ಬಯ್ಯುತ್ತವೆ. ಶಾಂಗ್‌ದಿ ದಾರಿ ತಪ್ಪಿದ್ದಾನೆ, ಕೆಳಗಿನ ಜನ ಬಳಲಿದ್ದಾರೆ ಎನ್ನುತ್ತದೆ ಒಂದು. ಮಹಿಮೆಯ ಶಾಂಗ್‌ದಿಯೇ, ನಿನಗೆ ಯಾರ ಮೇಲೆ ದ್ವೇಷ ಎಂದು ಕೇಳುತ್ತದೆ ಇನ್ನೊಂದು.

ಶೀಜಿಂಗ್‌ಗೆ ಹಾನ್ ಕಾಲದಲ್ಲಿ ಬರೆದ ‘ಮಾವ್’ ವ್ಯಾಖ್ಯಾನ ಇದಕ್ಕೆ ಹೆದರಿತು. ಇಲ್ಲಿ ಶಾಂಗ್‌ದಿ ಎಂದರೆ ದೇವರಲ್ಲ, ಅರಸ ಎಂದು ಟೀಕೆ ಬರೆಯಿತು. ಈ ಟೀಕೆ ಪೂರ್ತಿ ಸುಳ್ಳಲ್ಲ ಎನ್ನುವುದು ನನ್ನ ನಿಲುವು. ‘ದಾಂಗ್’ ಎಂಬ ಪದ್ಯವನ್ನೇ ನೋಡಿ. ಮೊದಲ ನುಡಿಯಲ್ಲಿ ಶಾಂಗ್‌ದಿಯ ಕ್ರೌರ್ಯ. ಎರಡನೆಯ ನುಡಿಯಿಂದ ಕೊನೆಯವರೆಗೆ ಪ್ರತಿ ನುಡಿಯೂ ‘ವೆನ್ ಅರಸ ಹೇಳಿದನು, ಅಯ್ಯೋ ಶಾಂಗ್ ವಂಶವೇ’ ಎಂದು ಶುರುವಾಗುತ್ತದೆ. ಕುಡಿತ, ಹಗಲಿರುಳಿನ ಕಿರುಚಾಟ, ಒಳ್ಳೆಯ ಮಂತ್ರಿಗಳನ್ನು ದೂರವಿಟ್ಟದ್ದು. ಕವಿ ತನ್ನ ಕಾಲದ ಅರಸನನ್ನು ಬಯ್ಯಲು ಸತ್ತ ಹಿರಿಯನ ಬಾಯನ್ನೂ ಸತ್ತ ವಂಶದ ಹೆಸರನ್ನೂ ಬಳಸಿದ್ದಾನೆ. ಅರಸನನ್ನು ಹೀಗೆ ಮರೆಮಾಡಿ ಬಯ್ಯಬಲ್ಲವನು ದೇವರ ಹೆಸರನ್ನೂ ಮರೆಗೆ ಬಳಸಿರಬಹುದು.

ಶರಾವತಿ ದಂಡೆ

ಮೇಡಂ, ‘ದಾಂಗ್’ ಬಗ್ಗೆ ಒಪ್ಪುತ್ತೇನೆ. ಎಲ್ಲ ಪದ್ಯಗಳಿಗೂ ಅದನ್ನು ಹಚ್ಚಲು ಆಗದು. ‘ಯುನ್ ಹಾನ್’ ಎಂಬ ಬರಗಾಲದ ಪದ್ಯದಲ್ಲಿ ಮೊರೆಯಿಡುವವನು ಅರಸನೇ, ಷುವಾನ್ ಎಂಬವನು ಎಂದು ಸಂಪ್ರದಾಯ. ಅಲ್ಲಿ ಶಾಂಗ್‌ದಿ ಅರಸನಾಗಲು ಸಾಧ್ಯವೇ ಇಲ್ಲ.

ಆಕಾಶಗಂಗೆ ಹೊಳೆಯುತ್ತಾ ತಿರುಗುತ್ತಿದೆ ಎಂದು ಅದು ಶುರುವಾಗುತ್ತದೆ. ಎಷ್ಟು ಸುಂದರ ಎಂದುಕೊಳ್ಳುವಷ್ಟರಲ್ಲಿ ಅರ್ಥವಾಗುತ್ತದೆ: ಮೋಡವಿಲ್ಲ, ಅದಕ್ಕೇ ನಕ್ಷತ್ರ ಇಷ್ಟು ನಿಚ್ಚಳ. ನಾನು ಬಲಿ ಕೊಡದ ದೇವರಿಲ್ಲ, ಪ್ರಾಣಿಗಳಿಗೆ ಜಿಪುಣತನ ಮಾಡಲಿಲ್ಲ, ಪಚ್ಚೆಯ ಫಲಕಗಳೆಲ್ಲ ಮುಗಿದವು, ನನ್ನನ್ನೇಕೆ ಯಾರೂ ಕೇಳುತ್ತಿಲ್ಲ? ಬೆಟ್ಟ ಹೊಳೆಗಳು ಬೋಳಾಗಿವೆ, ಬರದ ಪಿಶಾಚಿ ಸುಡುತ್ತಿದೆ, ಝೌ ಜನರಲ್ಲಿ ಉಳಿದವರು ಒಬ್ಬರೂ ಇರಲಾರರು. ಕೊನೆಯ ಸಾಲಿನಲ್ಲೂ ಅವನು ಮೇಲೆ ನೋಡುತ್ತಲೇ ಇದ್ದಾನೆ, ಕೇಳುತ್ತಲೇ ಇದ್ದಾನೆ. ಮಳೆ ಬಂತು ಎಂದು ಪದ್ಯ ಹೇಳುವುದಿಲ್ಲ. ಆಕಾಶಪುತ್ರ ಎನಿಸಿಕೊಂಡವನಿಗೂ ಉತ್ತರ ಸಿಗಲಿಲ್ಲ.

ನವಣೆ ಬೆಳೆಗಾರ, ಹಿರಿಯೂರು

ಬರ ಕಂಡವರು ಆ ಮೊದಲ ಸಾಲನ್ನು ಮರೆಯುವುದಿಲ್ಲ. ನಕ್ಷತ್ರ ನಿಚ್ಚಳವಾಗಿ ಕಂಡ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಆಕಾಶವನ್ನು ಹೊಗಳುವುದಿಲ್ಲ.

ಕಡಲಾಚೆ ಕನ್ನಡಿಗ, ಸಿಂಗಪುರ

ಒಂದು ಸಣ್ಣ ಸೇರ್ಪಡೆ. ಇಲ್ಲಿನ ಹೊಕ್ಕಿಯೆನ್ ಸಮುದಾಯದವರು ಚೀನೀ ಹೊಸ ವರ್ಷದ ಒಂಬತ್ತನೆಯ ದಿನ ಆಕಾಶದೇವರ ಹುಟ್ಟುಹಬ್ಬ ಆಚರಿಸುತ್ತಾರೆ. ಬಾಗಿಲ ಮುಂದೆ ಮೇಜು, ಇಕ್ಕೆಲಗಳಲ್ಲಿ ಎಲೆ ಸಮೇತ ಕಟ್ಟಿದ ಉದ್ದ ಕಬ್ಬು, ಹಣ್ಣು, ಧೂಪ. ಅವರು ಪೂಜಿಸುವುದು ಪಚ್ಚೆಯ ಚಕ್ರವರ್ತಿಯನ್ನು. ಆತನಿಗೆ ಗಡ್ಡವಿದೆ, ಮಣಿಸರಗಳು ಇಳಿಬಿದ್ದ ಕಿರೀಟವಿದೆ, ಆಸ್ಥಾನವಿದೆ. ನೀವು ಹೇಳುತ್ತಿರುವ ಮುಖವಿಲ್ಲದ ದೇವರು ಇವನೇ ಆದನೇ?

ನಿವೃತ್ತ ಅಧ್ಯಾಪಕಿ, ಧಾರವಾಡ

ಪಚ್ಚೆಯ ಚಕ್ರವರ್ತಿ ಬಹಳ ಮಟ್ಟಿಗೆ ತಾವೋ ಪಂಥದಲ್ಲಿ, ಜನರ ನಡುವೆ ಬೆಳೆದವನು. ಸೋಂಗ್ ವಂಶದ ಚೆನ್‌ತ್ಸೊಂಗ್ ಚಕ್ರವರ್ತಿ ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಅವನಿಗೆ ರಾಜಮನ್ನಣೆ ಕೊಟ್ಟ. ಆದರೂ ರಾಜಪೂಜೆಯಲ್ಲಿ ಹಳೆಯ ದೇವರೇ ಉಳಿದ, ಮೂರ್ತಿಯಿಲ್ಲದೆ. ಬೀಜಿಂಗ್‌ನ ಆಕಾಶ ದೇವಾಲಯ 1420ರದು. ಅಲ್ಲಿನ ಮೂರು ಹಂತದ ದುಂಡು ವೇದಿಕೆ 1530ರಲ್ಲಿ ಕಟ್ಟಿದ್ದು, ಮೇಲೆ ಚಾವಣಿ ಇಲ್ಲ. ಚಳಿಗಾಲದ ಅಯನದ ಮುಂಜಾನೆಯ ಕತ್ತಲಲ್ಲಿ ಚಕ್ರವರ್ತಿ ಅಲ್ಲಿ ಅಡ್ಡಬೀಳುತ್ತಿದ್ದುದು ಒಂದು ಹೆಸರಿನ ಫಲಕಕ್ಕೆ: ಮಹಾ ಆಕಾಶ, ಶಾಂಗ್‌ದಿ. ಜನರಿಗೆ ಮುಖವಿರುವ ದೇವರು ಸಿಕ್ಕ, ಅರಸನಿಗೆ ಹೆಸರು ಮಾತ್ರ ಉಳಿಯಿತು.

ಇರುಳುಗಣ್ಣು

ಚ್ಯು ಯುವಾನ್‌ಗೆ ಮರಳೋಣ. ರಾಜ್ಯದಿಂದ ಹೊರದೂಡಲ್ಪಟ್ಟ ಕವಿ. ನೊಂದವರ ಕಾವ್ಯ ಎಂದರೆ ಅವನದೇ ಅಲ್ಲವೇ? ‘ಲಿ ಸಾವ್’ ದೀರ್ಘ ಕವನದಲ್ಲಿ ಅವನು ಡ್ರ್ಯಾಗನ್‌ಗಳ ರಥವೇರಿ ಆಕಾಶದ ಬಾಗಿಲವರೆಗೂ ಹೋಗುತ್ತಾನೆ. ಬಾಗಿಲು ತೆಗೆ ಎಂದು ದಿಯ ದ್ವಾರಪಾಲಕನಿಗೆ ಹೇಳುತ್ತಾನೆ. ಅವನು ಬಾಗಿಲಿಗೆ ಒರಗಿಕೊಂಡು ಇವನನ್ನು ನೋಡುತ್ತಾನೆ. ಇಲ್ಲ ಎನ್ನುವುದಿಲ್ಲ, ತೆಗೆಯುವುದೂ ಇಲ್ಲ. ಸುಮ್ಮನೆ ನೋಡುತ್ತಾನೆ. ಹೊತ್ತು ಮುಳುಗುತ್ತದೆ.

ಮೂಳೆಲಿಪಿ

ಅದೇ ಕವಿಯ ಹೆಸರಿನಲ್ಲಿರುವ ‘ಆಕಾಶಕ್ಕೆ ಪ್ರಶ್ನೆಗಳು’ ಕವನದಲ್ಲಿ 170ಕ್ಕೂ ಹೆಚ್ಚು ಪ್ರಶ್ನೆಗಳಿವೆ, ಉತ್ತರ ಒಂದಕ್ಕೂ ಇಲ್ಲ. ದಿಯ ಬಗ್ಗೆ ಅಲ್ಲಿ ಬರುವ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟು ಓದಬೇಕು. ಜನರ ಸಂಕಟ ನೀಗಲು ಯಿ ಎಂಬ ಬಿಲ್ಲುಗಾರನನ್ನು ದಿಯೇ ಕೆಳಗೆ ಕಳುಹಿಸಿದ. ಯಿ ದೊಡ್ಡ ಹಂದಿ ಬೇಟೆಯಾಡಿ ಕೊಬ್ಬಿದ ಮಾಂಸ ಅರ್ಪಿಸಿದರೆ ದಿಗೆ ಏಕೆ ಮೆಚ್ಚುಗೆಯಾಗಲಿಲ್ಲ? ಪೆಂಗ್ ಒಂದು ಬಟ್ಟಲು ಕಾಡುಕೋಳಿಯ ಸಾರು ಬಡಿಸಿದರೆ ದಿ ಅದನ್ನು ಏಕೆ ಸವಿದ, ಅಷ್ಟು ದೀರ್ಘ ಆಯುಷ್ಯ ಹೇಗೆ ಕೊಟ್ಟ? ಮೂಳೆ ಸುಟ್ಟು ಕೇಳುತ್ತಿದ್ದ ಅರಸರಿಗೆ ದಿ ಏನು ಮಾಡುತ್ತಾನೆ ಎಂಬುದು ಬೇಕಿತ್ತು. ಈ ಕವಿ ಏಕೆ ಮಾಡಿದ ಎಂದು ಕೇಳುತ್ತಾನೆ. ಶರಾವತಿ ದಂಡೆ ಅವರ ವಾದಕ್ಕೆ ಇದು ಬಲ ಕೊಡುತ್ತದೆ.

ನಿವೃತ್ತ ಅಧ್ಯಾಪಕಿ, ಧಾರವಾಡ

ಬಲ ಕೊಡುತ್ತದೆ, ಸರಿ. ಆದರೆ ಆ ವಾದಕ್ಕೆ ಎದುರು ನಿಲ್ಲುವ ಒಂದು ಪದ್ಯ ಇದೇ ಚೂ ಕಾವ್ಯದಲ್ಲಿದೆ. ಅದನ್ನು ಬಿಟ್ಟು ಚರ್ಚೆ ಮುಗಿಸುವುದು ನ್ಯಾಯವಲ್ಲ. ‘ಜಾವ್ ಹುನ್’, ಅಗಲಿದ ಪ್ರಾಣವನ್ನು ಮರಳಿ ಕರೆಯುವ ಹಾಡು. ಸೀಮಾ ಚಿಯೆನ್ ಇದನ್ನು ಚ್ಯು ಯುವಾನ್ ಬರೆದನೆನ್ನುತ್ತಾನೆ, ಕ್ರಿ.ಶ. ಎರಡನೆಯ ಶತಮಾನದ ವ್ಯಾಖ್ಯಾನಕಾರ ವಾಂಗ್ ಯಿ ಪ್ರಕಾರ ಬರೆದವನು ಚೂ ನಾಡಿನ ಇನ್ನೊಬ್ಬ ಕವಿ ಸೊಂಗ್ ಯು.

ಅದರ ಆರಂಭದಲ್ಲಿ ಸಂಕಟದಲ್ಲಿರುವ ಒಬ್ಬನ ದನಿ. ಕೂಡಲೇ ದಿ ಮಾತನಾಡುತ್ತಾನೆ. ವೂ ಯಾಂಗ್ ಎಂಬ ಮಾಂತ್ರಿಕನನ್ನು ಕರೆದು ಹೇಳುತ್ತಾನೆ: ಕೆಳಗೆ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ನೆರವಾಗಬೇಕೆಂದಿದ್ದೇನೆ. ಅವನ ಪ್ರಾಣಗಳು ಚದುರಿವೆ, ಶಕುನ ನೋಡಿ ಹುಡುಕಿ ಅವನಿಗೆ ಕೊಡು. ಇದು ಗೆದ್ದವನಿಗೆ ಹೇಳಿದ ಮಾತಲ್ಲ.

ಶರಾವತಿ ದಂಡೆ

ಈ ಆರಂಭ ನನ್ನ ಗಮನಕ್ಕೆ ಬಂದಿರಲಿಲ್ಲ ಮೇಡಂ. ಮಾಂತ್ರಿಕ ಏನು ಮಾಡುತ್ತಾನೆ? ಕೂಡಲೇ ಹೊರಡುತ್ತಾನೆಯೇ?

ನಿವೃತ್ತ ಅಧ್ಯಾಪಕಿ, ಧಾರವಾಡ

ಇಲ್ಲ. ಇದು ಕನಸಿನ ಅಧಿಕಾರಿಯ ಕೆಲಸ, ಈ ಆಜ್ಞೆ ಪಾಲಿಸುವುದು ಕಷ್ಟ ಎನ್ನುತ್ತಾನೆ. ಆ ಸಾಲುಗಳ ಪಾಠ ಕೆಟ್ಟಿದೆ, ಯಾರ ಮಾತು ಎಲ್ಲಿ ಮುಗಿಯುತ್ತದೆ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಶಕುನ ನೋಡುತ್ತಾ ಕೂತರೆ ತಡವಾಗಿ ದೇಹ ಕೊಳೆತುಹೋಗಬಹುದು, ಆಮೇಲೆ ಪ್ರಾಣ ಸಿಕ್ಕಿಯೂ ಉಪಯೋಗವಿಲ್ಲ ಎಂಬ ಮಾತಂತೂ ಅಲ್ಲಿದೆ. ಕೊನೆಗೆ ಮಾಂತ್ರಿಕ ಕೆಳಗಿಳಿದು ಕೂಗಲು ಶುರು ಮಾಡುತ್ತಾನೆ. ಪೂರ್ವಕ್ಕೆ ಹೋಗಬೇಡ, ದಕ್ಷಿಣಕ್ಕೆ ಹೋಗಬೇಡ ಎಂದು ಒಂದೊಂದು ದಿಕ್ಕಿನ ಭಯ ಹೇಳುತ್ತಾ ಬಂದು, ಮೇಲಕ್ಕೂ ಹೋಗಬೇಡ ಎನ್ನುತ್ತಾನೆ. ಅಲ್ಲಿ ಆಕಾಶದ ಒಂಬತ್ತು ಬಾಗಿಲುಗಳನ್ನು ಹುಲಿ ಚಿರತೆಗಳು ಕಾಯುತ್ತವೆ, ಕೆಳಗಿನಿಂದ ಬಂದವರನ್ನು ಕಚ್ಚಿ ಕೊಲ್ಲುತ್ತವೆ. ಒಂಬತ್ತು ತಲೆಯ ಒಬ್ಬ ಒಂಬತ್ತು ಸಾವಿರ ಮರಗಳನ್ನು ಕೀಳುತ್ತಾನೆ. ಮನುಷ್ಯರನ್ನು ತೂಗುಹಾಕಿ ಆಟವಾಡಿ ಆಳಕ್ಕೆ ಎಸೆಯುತ್ತಾರೆ, ದಿಗೆ ವರದಿ ಒಪ್ಪಿಸಿದ ಮೇಲೆಯೇ ಅವರಿಗೆ ಕಣ್ಣು ಮುಚ್ಚಲು ಬಿಡುವುದು.

ನೆರವಾಗು ಎಂದು ಕಳುಹಿಸಿದವನು ದಿ. ಅವನ ಬಾಗಿಲಿಗೆ ಮಾತ್ರ ಬರಬೇಡ ಎನ್ನುವವನು ಅವನೇ ಕಳುಹಿಸಿದ ಮಾಂತ್ರಿಕ. ನಿಮ್ಮ ವಾದದಲ್ಲಿ ಇದನ್ನು ಎಲ್ಲಿ ಇಡುತ್ತೀರಿ?

ಶರಾವತಿ ದಂಡೆ

‘ಲಿ ಸಾವ್’ ಪಕ್ಕದಲ್ಲಿ ಇಡುತ್ತೇನೆ. ನೊಂದವರ ಹಾಡಿನಲ್ಲಿ ದಿ ಮಾತನಾಡುವುದೇ ಇಲ್ಲ ಎನ್ನುವುದನ್ನು ಈ ಪದ್ಯ ಮುರಿಯುತ್ತದೆ, ಅದು ನನಗೆ ಸಮಾಧಾನದ ವಿಷಯವೇ. ಆದರೆ ವೆನ್ ಅರಸನಿಗೆ ಅವನು ನೇರವಾಗಿ ಹೇಳಿದ. ಈ ಮನುಷ್ಯನಿಗೆ ಹೇಳಿದ್ದು ಇನ್ನೊಬ್ಬನ ಮೂಲಕ. ಅವನ ಮಾತು ನಮಗೆ ಕೇಳಿಸುತ್ತದೆ, ಯಾರಿಗಾಗಿ ಆಡಿದನೋ ಆ ಮನುಷ್ಯನಿಗೆ ಕೇಳಿಸಿದ್ದು ಮಾಂತ್ರಿಕನ ಕೂಗು ಮಾತ್ರ. ಇಂದು ರಾತ್ರಿ ಪೂರ್ತಿ ಪದ್ಯವನ್ನು ಎರಡು ಅನುವಾದಗಳಲ್ಲಿ ಓದಿ, ಆ ಕೆಟ್ಟ ಪಾಠದ ಸಾಲುಗಳನ್ನು ಅವರು ಹೇಗೆ ಬಿಡಿಸಿದ್ದಾರೆಂದು ನಾಳೆ ಇಲ್ಲಿಯೇ ಬರೆಯುತ್ತೇನೆ.